ಕರಡಿಯಜ್ಜಿಯ ನಶ್ಯದ ಡಬ್ಬಿಗೆ ಮುಚ್ಚಳ ಕೂರಿಸಿದ್ದು

ಒಂದು ಕಾಡಿನಲ್ಲಿ ಪ್ರಾಣಿಗಳೆಲ್ಲ ಅನ್ಯೋನ್ಯವಾಗಿದ್ದವು ಎಂದು ಕಥೆ ಹೇಳುವವರು ಶುರುಮಾಡುತ್ತಾರೆ. ಈ ಕಾಡಿನಲ್ಲಿ ಹಾಗೇನೂ ಇರಲಿಲ್ಲ. ಮಳೆಗಾಲ, ಚಳಿಗಾಲ ಪೂರ್ತಿ ಒಬ್ಬರನ್ನೊಬ್ಬರು ಬೈದುಕೊಂಡು ಓಡಾಡುತ್ತಿದ್ದವು. ಬೇಸಿಗೆಯಲ್ಲಿ ಮಾತ್ರ ಒಟ್ಟಾಗುತ್ತಿದ್ದವು. ಕಾರಣ ಪ್ರೀತಿಯಲ್ಲ, ನೀರು.

ಬೇಸಿಗೆ ಬಂದರೆ ಗುಡ್ಡದ ಮೇಲಿನ ಹೊಂಡ ಬತ್ತುತ್ತಿತ್ತು. ಎಲ್ಲರೂ ಕೆಳಗಿನ ನದಿಗೆ ವಲಸೆ ಹೋಗಬೇಕಾಗುತ್ತಿತ್ತು. ಆದರೆ ನದಿಯೂ ಬಹುಪಾಲು ಒಣಗಿರುತ್ತಿತ್ತು. ಎಲ್ಲೋ ಒಂದು ಕಡೆ ಮಾತ್ರ ಆಳವಾದ ಮಡು ಉಳಿದಿರುತ್ತಿತ್ತು. ಅದು ಎಲ್ಲಿ ಎಂದು ದೂರದಿಂದಲೇ ಮೂಸಿ ಹೇಳಬಲ್ಲ ಮೂಗು ಕಾಡಿನಲ್ಲಿ ಒಂದೇ ಒಂದು ಇತ್ತು. ಅದು ಮುದಿ ಕರಡಿ ದ್ಯಾಮಜ್ಜಿಯದು.

ಅಂಥ ಮೂಗಿಗೆ ದ್ಯಾಮಜ್ಜಿ ದಿನವಿಡೀ ನಶ್ಯ ಏರಿಸುತ್ತಿದ್ದಳು. ಕಾಡುಹೊಗೆಸೊಪ್ಪನ್ನು ಬಂಡೆಯ ಮೇಲೆ ಒಣಗಿಸಿ, ಕುಟ್ಟಿ, ಒಂದು ಮರದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ಡಬ್ಬಿ ಯಾರೋ ಸೌದೆಯವನದು. ಅಜ್ಜಿಯನ್ನು ಕಂಡು ಓಡುವಾಗ ಬೀಳಿಸಿಕೊಂಡಿದ್ದ. ವಾಪಸು ಕೇಳಲು ಬಂದಿರಲಿಲ್ಲ.

"ನಶ್ಯ ಹಾಕಿದರೆ ಮೂಗು ಚುರುಕಾಗುತ್ತದೆ," ಎನ್ನುತ್ತಿದ್ದಳು ಅಜ್ಜಿ. ಚಟ ಇರುವವರೆಲ್ಲ ಹೀಗೆ ಏನಾದರೊಂದು ಹೇಳುತ್ತಾರೆ.

ಡಬ್ಬಿಯ ಮುಚ್ಚಳ ಜಾರುವ ಮುಚ್ಚಳ. ಎರಡು ಪಕ್ಕದ ತೋಡುಗಳಲ್ಲಿ ಸರಿದು ತೆರೆಯುತ್ತಿತ್ತು, ಸರಿದು ಮುಚ್ಚುತ್ತಿತ್ತು. ಬಹುಕಾಲ ಉಜ್ಜಿ ಉಜ್ಜಿ ತೋಡು ಸವೆದಿತ್ತು. ಆ ವರ್ಷದ ಬಿಸಿಲಿಗೆ ಮರವೂ ಒಣಗಿ ಕುಗ್ಗಿತು. ಮುಚ್ಚಳ ಗಡಗಡ ಅಲ್ಲಾಡತೊಡಗಿತು. ಅಜ್ಜಿ ಅದನ್ನು ಗಮನಿಸಲಿಲ್ಲ. ಡಬ್ಬಿಗೆ ಬಳ್ಳಿ ಕಟ್ಟಿ ಕುತ್ತಿಗೆಗೆ ತೂಗುಹಾಕಿಕೊಂಡು, "ನಾಳೆ ಹೊರಡೋಣ," ಎಂದಳು.

ಆ ಕಾಡಿನವರಿಗೆ ಎರಡು ಕಟ್ಟಳೆಗಳಿದ್ದವು. ವಲಸೆ ಹೊರಡುವಾಗ ಎಲ್ಲರಿಗಿಂತ ಚಿಕ್ಕ ಮರಿ ಮುಂದಾಳಿನ ಪಕ್ಕದಲ್ಲೇ ನಡೆಯಬೇಕು. ಇದು ಒಳ್ಳೆಯ ಕಟ್ಟಳೆ. ಹೊರಡುವ ಹೊತ್ತಿಗೆ ಯಾರಾದರೂ ಸೀನಿದರೆ ಎಲ್ಲರೂ ಕೂತುಬಿಡಬೇಕು, ಅವತ್ತು ಹೊರಡಬಾರದು. ಇದರ ಬಗ್ಗೆ ನಾನೇನೂ ಹೇಳುವುದಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರೂ ಸೇರಿದರು. ಆ ವರ್ಷದ ಚಿಕ್ಕ ಮರಿ ಜಿಂಕೆ ಸೋಮಿಯದು. ಅದು ಅಜ್ಜಿಯ ಪಕ್ಕಕ್ಕೆ ಬಂದು ನಿಂತಿತು. ಅಜ್ಜಿ ಹೆಜ್ಜೆ ಎತ್ತಿದಳು. ಡಬ್ಬಿ ಅಲ್ಲಾಡಿತು. ಮರಿ ಸೀನಿತು.

ಎಲ್ಲರೂ ಕೂತರು.

"ಇದಕ್ಕೆ ಪರಿಹಾರ ಆಗಬೇಕು," ಎಂದಿತು ಹಿಂದಿನಿಂದ ಒಂದು ದನಿ. ಅದು ನರಿಯಪ್ಪನದು. ಶಕುನದ ವಿಷಯದಲ್ಲಿ ತನಗೆ ಎಲ್ಲ ತಿಳಿದಿದೆ ಎಂದು ಅವನು ಹೇಳುತ್ತಿದ್ದ. ಬೇರೆಯವರಿಗೆ ಏನೂ ತಿಳಿಯದ ಕಾರಣ ಅವನ ಮಾತು ನಡೆಯುತ್ತಿತ್ತು. "ಎಲ್ಲರೂ ಒಂದೊಂದು ಹಣ್ಣು ತಂದು ಆ ಚಪ್ಪಡಿ ಕಲ್ಲಿನ ಮೇಲೆ ಇಡಿ. ರಸ ತುಂಬಿದ್ದೇ ಇಡಿ. ಒಣಗಿದ್ದು ಇಟ್ಟರೆ ದೋಷ ಹೋಗುವುದಿಲ್ಲ."

ಇಟ್ಟರು. ಮಧ್ಯಾಹ್ನದ ಹೊತ್ತಿಗೆ ಹಣ್ಣು ಇರಲಿಲ್ಲ. ದೋಷ ಹೋಯಿತು ಎಂದು ನರಿಯಪ್ಪ ಬಾಯಿ ಒರೆಸಿಕೊಂಡು ಹೇಳಿದ.

ನರಿಯಪ್ಪ ದಡ್ಡನಲ್ಲ. ಅಜ್ಜಿ ನಡೆದಾಗ ಡಬ್ಬಿಯಿಂದ ಕಂದು ಪುಡಿ ಉದುರಿದ್ದನ್ನು ಅವನು ನೋಡಿದ್ದ. ಮಾರನೆಯ ಬೆಳಿಗ್ಗೆ ಓಡೋಡಿ ಬಂದ.

"ಅಜ್ಜೀ, ನಿನ್ನ ಕೈ ನಡುಗುತ್ತದೆ. ಡಬ್ಬಿ ನಾನು ಕಟ್ಟುತ್ತೇನೆ."

"ಎಂಥ ಒಳ್ಳೆಯವನಪ್ಪಾ," ಎಂದಳು ಅಜ್ಜಿ.

ಕಟ್ಟುವಾಗ ಅವನು ಉಗುರಿನಿಂದ ಮುಚ್ಚಳವನ್ನು ಒಂದಿಷ್ಟು ಸರಿಸಿದ. ಅಜ್ಜಿ ಹೆಜ್ಜೆ ಎತ್ತಿದಳು. ಮರಿ ಸೀನಿತು. ಎಲ್ಲರೂ ಕೂತರು. ಚಪ್ಪಡಿ ತುಂಬಿತು, ಚಪ್ಪಡಿ ಬರಿದಾಯಿತು.

ಹೀಗೆಯೇ ಬೆಳಗುಗಳು ಕಳೆದವು. ಹೊಂಡದ ನೀರು ಕೆಸರಾಯಿತು. ಕಾಡುಹಂದಿಗಳು ಗೊಣಗತೊಡಗಿದವು. "ಏನು ನರಿಯಪ್ಪಾ, ನಿನ್ನ ಪರಿಹಾರಕ್ಕೆ ಬಿಸಿಲು ಬಡಿದಿದೆಯಾ?" ಎಂದು ಒಂದು ಹಂದಿ ಕೇಳಿಯೇಬಿಟ್ಟಿತು.

ನರಿಯಪ್ಪ ಕಣ್ಣು ಮುಚ್ಚಿ ಯೋಚಿಸಿದಂತೆ ಮಾಡಿದ. "ದೋಷ ಎಲ್ಲಿದೆ ಎಂದು ಈಗ ಗೊತ್ತಾಯಿತು," ಎಂದ. "ದಿನಾ ಸೀನುವುದು ಯಾರು? ಆ ಮರಿ. ಅದರ ಜನ್ಮವೇ ಸರಿಯಿಲ್ಲ. ನಾಳೆಯೂ ಅದು ಸೀನಿದರೆ ಅದನ್ನು ಇಲ್ಲೇ ಬಿಟ್ಟು ನಾವೆಲ್ಲ ಹೊರಡಬೇಕು."

ಯಾರೂ ಮಾತಾಡಲಿಲ್ಲ. ಬಾಯಾರಿದವರಿಗೆ ಬೇರೆಯವರ ಮರಿ ಸ್ವಲ್ಪ ದೂರದ್ದಾಗಿ ಕಾಣುತ್ತದೆ.

ಸೋಮಿ ಮರಿಯನ್ನು ಎದೆಗೆ ಒತ್ತಿಕೊಂಡಳು. "ಅದಕ್ಕೆ ಇನ್ನೂ ಓಡಲು ಬರುವುದಿಲ್ಲ. ನೀರು ಎಲ್ಲಿದೆ ಎಂದು ಗೊತ್ತಿಲ್ಲ. ಇಲ್ಲಿ ಬಿಟ್ಟರೆ ಉಳಿಯುತ್ತದೆಯೇ?"

"ಎಲ್ಲರ ಒಳಿತಿಗಾಗಿ, ತಾಯಿ," ಎಂದ ನರಿಯಪ್ಪ.

ಇದನ್ನೆಲ್ಲ ಮುಳ್ಳುಹಂದಿ ಕೆಂಚವ್ವ ಕೇಳುತ್ತಿದ್ದಳು. ಅವಳದು ಸಿಡುಕಿನ ಸ್ವಭಾವ. ಬೆನ್ನ ಮೇಲೆ ಅಷ್ಟು ಮುಳ್ಳು ಹೊತ್ತವರಿಂದ ಸಿಹಿಮಾತು ನಿರೀಕ್ಷಿಸುವುದೂ ತಪ್ಪು. ಹಿಂದಿನ ದಿನ ಅವಳು ಮರಿಯ ಹಿಂದೆಯೇ ನಿಂತಿದ್ದಳು. ಮರಿ ಸೀನಿದ ಮೇಲೆ ಅವಳಿಗೂ ಸೀನು ಬಂದಿತ್ತು. ಮೂಗು ಒರೆಸಿಕೊಂಡರೆ ಪಂಜಕ್ಕೆ ಕಂದು ಪುಡಿ ಮೆತ್ತಿತ್ತು.

ಮಧ್ಯಾಹ್ನ ನರಿಯಪ್ಪ ಹಣ್ಣು ತಿಂದು ಗೊರಕೆ ಹೊಡೆಯುವಾಗ ಕೆಂಚವ್ವ ಅಜ್ಜಿಯ ಬಳಿಗೆ ಹೋದಳು.

"ಅಜ್ಜೀ, ಡಬ್ಬಿ ಕೊಡು."

"ಯಾಕೇ? ನಿನಗೂ ಚಟ ಹತ್ತಿತಾ?"

"ಮುಚ್ಚಳ ನೋಡಬೇಕು."

"ಅದನ್ನು ಬೇರೆ ಯಾರೂ ಮುಟ್ಟಬಾರದು ಎಂದು ನರಿಯಪ್ಪ ಹೇಳಿದ್ದಾನೆ. ದೋಷವಂತೆ."

"ಅವನು ದಿನಾ ಮುಟ್ಟುತ್ತಾನಲ್ಲ?"

ಅಜ್ಜಿ ಕುತ್ತಿಗೆಯ ಬಳ್ಳಿ ಬಿಚ್ಚಿದಳು. ಡಬ್ಬಿ ಕೊಟ್ಟಳು.

ಕೆಂಚವ್ವ ಡಬ್ಬಿಯನ್ನು ಓರೆ ಮಾಡಿದಳು. ಮುಚ್ಚಳ ತಾನಾಗಿ ಜಾರಿತು. ಇನ್ನೊಂದು ಕಡೆಗೆ ಓರೆ ಮಾಡಿದಳು. ಹಿಂದಕ್ಕೆ ಜಾರಿತು. "ನೋಡು ನಿನ್ನ ದೋಷ," ಎಂದಳು. ಅಜ್ಜಿ ತನ್ನ ಎದೆಯ ಕೂದಲನ್ನು ನೋಡಿಕೊಂಡಳು. ಅಲ್ಲಿ ನಶ್ಯವೇ ನಶ್ಯ.

"ಅಯ್ಯೋ, ಎಷ್ಟು ಹಾಳಾಗಿದೆ!" ಎಂದಳು ಅಜ್ಜಿ. ಮರಿಯ ನೆನಪು ಅವಳಿಗೆ ಆಮೇಲೆ ಬಂತು. ನೆನಪಾದಾಗ ಎದೆಯ ಪುಡಿಯನ್ನೆಲ್ಲ ಕೊಡವಿಕೊಂಡಳು.

ಅಷ್ಟರಲ್ಲಿ ಸೋಮಿಯೂ ಬಂದಳು. "ಸರಿಹೋಗುತ್ತದಾ ಕೆಂಚವ್ವ?"

"ಗೊತ್ತಿಲ್ಲ. ನಾನೇನು ಬಡಗಿಯಾ?"

ಮೊದಲು ಅವಳು ಒಂದು ತೊಗಟೆಯ ಚೂರನ್ನು ತೋಡಿಗೆ ತುರುಕಿದಳು. ಮುಚ್ಚಳ ಬಿಗಿಯಾಯಿತು. ಎಷ್ಟು ಬಿಗಿಯೆಂದರೆ ತೆರೆಯಲೇ ಇಲ್ಲ. ಅಜ್ಜಿ ಎಳೆದಳು, ಕಚ್ಚಿದಳು, ಕಲ್ಲಿಗೆ ಕುಟ್ಟಲು ಹೊರಟಳು. "ಸಡಿಲವಿದ್ದಾಗ ನಶ್ಯವಾದರೂ ಸಿಗುತ್ತಿತ್ತಲ್ಲೇ, ಮುಂಡೇದೇ!"

"ಕಿರುಚಬೇಡ, ಕೊಡು ಇಲ್ಲಿ," ಎಂದು ಕೆಂಚವ್ವ ತೊಗಟೆಯನ್ನು ಕಿತ್ತು ಎಸೆದಳು. ಇನ್ನೂ ತೆಳ್ಳಗಿನದು ಬೇಕಿತ್ತು. ಒತ್ತಿದರೆ ತಗ್ಗುವ, ಬಿಟ್ಟರೆ ಏಳುವ ವಸ್ತು. ಸುತ್ತ ನೋಡಿದಳು. ಆಮೇಲೆ ಹಲ್ಲು ಕಚ್ಚಿ ತನ್ನ ಬೆನ್ನಿನಿಂದಲೇ ಒಂದು ಮುಳ್ಳನ್ನು ಕಿತ್ತಳು.

"ನೋವಾಯಿತಾ?" ಎಂದಳು ಸೋಮಿ.

"ಆಗದೆ? ಹೋಗಿ ಜಾಲಿಮರದ ಅಂಟು ತಾ."

ಸೋಮಿ ಓಡಿಹೋಗಿ ಅಂಟು ತಂದಳು. ಕೆಂಚವ್ವ ಮುಳ್ಳನ್ನು ಉದ್ದಕ್ಕೆ ಸೀಳಿ, ಒಳಗಿನ ತಿರುಳನ್ನು ಹೆರೆದು, ಹೊಳೆಯುವ ತೆಳು ಪಟ್ಟಿ ಮಾಡಿದಳು. ತೋಡಿನೊಳಗೆ ಅಂಟು ಸವರಿ ಪಟ್ಟಿಯನ್ನು ಕೂರಿಸಿದಳು. ಅಂಟು ಒಣಗುವ ತನಕ ಅಜ್ಜಿಯ ಗೊಣಗಾಟ ಕೇಳಿಸಿಕೊಂಡಳು. ಒಣಗಿದ ಮೇಲೆ ಮುಚ್ಚಳ ತೂರಿಸಿದರೆ ಅದು ಕಿರ್ರ್ ಎಂದು ಅರ್ಧಕ್ಕೆ ನಿಂತಿತು.

"ಜೇನುಮೇಣ ಬೇಕು," ಎಂದಳು ಕೆಂಚವ್ವ. "ಎಲ್ಲಿಗೂ ಹೋಗಬೇಕಾಗಿಲ್ಲ. ಅಜ್ಜೀ, ಭುಜ ತಿರುಗಿಸು."

ದ್ಯಾಮಜ್ಜಿಯ ಭುಜದ ಕೂದಲಲ್ಲಿ ಹೋದ ವರ್ಷದ ಜೇನುಗೂಡಿನ ಚೂರು ಇನ್ನೂ ಅಂಟಿಕೊಂಡಿತ್ತು. ಕೆಂಚವ್ವ ಒಂದಿಷ್ಟು ಮೇಣ ಕಿತ್ತು ಮುಚ್ಚಳದ ಅಂಚಿಗೆ ತಿಕ್ಕಿದಳು. ಈಗ ಒತ್ತಿದರೆ ಸರಿಯಿತು. ಬಿಟ್ಟರೆ ನಿಂತಿತು. ತಲೆಕೆಳಗು ಮಾಡಿದರೂ ನಿಂತಿತು. ಜೋರಾಗಿ ಅಲ್ಲಾಡಿಸಿದರೂ ಒಂದು ಕಣ ಪುಡಿ ಬೀಳಲಿಲ್ಲ.

ಅಜ್ಜಿ ಒಂದು ಚಿಟಿಕೆ ಏರಿಸಿ ಕಣ್ಣು ಮುಚ್ಚಿದಳು. "ಬದುಕಿಸಿದೆ ತಾಯಿ," ಎಂದಳು.

"ಬದುಕಿಸಬೇಕಾದ್ದು ನಿನ್ನನ್ನಲ್ಲ," ಎಂದಳು ಕೆಂಚವ್ವ. "ನಾಳೆಯ ತನಕ ಬಾಯಿ ಮುಚ್ಚಿಕೊಂಡಿರು."

ಬೆಳಿಗ್ಗೆ ಎಲ್ಲರೂ ಸೇರಿದರು. ಹೊಂಡದಲ್ಲಿ ಕೆಸರೂ ಗಟ್ಟಿಯಾಗಿತ್ತು. ಸೋಮಿ ಮರಿಯನ್ನು ಅಜ್ಜಿಯ ಪಕ್ಕ ನಿಲ್ಲಿಸಿದಳು. ಮೇಣ ಹಚ್ಚಿದ್ದನ್ನು ಕಣ್ಣಾರೆ ಕಂಡಿದ್ದರೂ ಡಬ್ಬಿಯ ಮೇಲಿಂದ ಕಣ್ಣು ತೆಗೆಯಲಿಲ್ಲ.

ನರಿಯಪ್ಪ ಡಬ್ಬಿ ಕಟ್ಟಲು ಬಂದ. ಉಗುರಿನಿಂದ ಮುಚ್ಚಳವನ್ನು ತಳ್ಳಿದ. ಅಲ್ಲಾಡಲಿಲ್ಲ. ಇನ್ನೊಂದು ಸಲ ತಳ್ಳಿದ. ಜಾಗ ಬಿಡಲಿಲ್ಲ. ದೋಷ ಮರಿಯದೇ ಎಂದು ಹೇಳಿಬಿಟ್ಟಿದ್ದ. ಅದು ಸೀನದಿದ್ದರೆ ಅವನ ಶಕುನವನ್ನು ಮುಂದೆ ಯಾರು ಕೇಳುತ್ತಾರೆ?

"ಏನಾಯಿತು ನರಿಯಪ್ಪಾ?" ಎಂದಳು ಅಜ್ಜಿ.

"ಗಂಟು ಬಿಗಿಯುತ್ತಿದ್ದೇನೆ ಅಜ್ಜೀ," ಎಂದು ಡಬ್ಬಿಯನ್ನು ಮುಖದ ಹತ್ತಿರ ಎಳೆದುಕೊಂಡು, ಮುಚ್ಚಳದ ತುದಿಯನ್ನು ಹಲ್ಲಲ್ಲಿ ಕಚ್ಚಿ, ಬಲವೆಲ್ಲ ಹಾಕಿ ಜಗ್ಗಿದ.

ಮೇಣ ಹಚ್ಚಿದ ಮುಚ್ಚಳ ಒಮ್ಮೆಗೇ ಸರ್ರನೆ ಬಂತು. ಅರ್ಧ ಡಬ್ಬಿ ನಶ್ಯ ನರಿಯಪ್ಪನ ಮೂಗಿಗೆ ಹೋಯಿತು.

"ಆಕ್ಷೀ!"

ಪ್ರಾಣಿಗಳು ಅಭ್ಯಾಸಬಲದಿಂದ ಕೂತವು.

"ಆಕ್ಷೀ! ಆಕ್ಷೀ! ಹಾ... ಆಕ್ಷೀ!"

"ಅಯ್ಯೋ, ಇದು ದೊಡ್ಡ ದೋಷ!" ಎಂದು ಹಂದಿಯೊಂದು ಕೂಗಿತು. "ಈ ಸಲ ಸೀನಿದ್ದು ನರಿಯಪ್ಪ. ಹಾಗಾದರೆ ಬಿಟ್ಟುಹೋಗಬೇಕಾದ್ದು ಅವನನ್ನೇ!"

"ಹೌದಲ್ಲ!" ಎಂದವು ಉಳಿದವು. ಕೆಲವರ ದನಿಯಲ್ಲಿ ಸಂತೋಷವೂ ಇತ್ತು.

ನರಿಯಪ್ಪ ಹೆದರಿದ. "ಹುಚ್ಚರಾ!" ಎಂದು ಕಣ್ಣೀರು ಸುರಿಸುತ್ತ ಅರಚಿದ. "ದೋಷ ಎಂಥದು? ನಶ್ಯ ಮೂಗಿಗೆ ಹೋಯಿತು. ಯಾರಿಗೆ ಹೋದರೂ ಸೀನು ಬರುತ್ತದೆ... ಆಕ್ಷೀ!... ಅಷ್ಟೇ!"

"ಅಷ್ಟೇನಾ?" ಎಂದಳು ಸೋಮಿ.

ಕಾಡಿನ ಪ್ರಾಣಿಗಳು ನಿಧಾನ. ಆದರೂ ಕೊನೆಗೆ ತಲೆಗೆ ಹೋಯಿತು. ಒಬ್ಬೊಬ್ಬರಾಗಿ ನರಿಯ ಕಾಲ ಬಳಿ ಬಿದ್ದಿದ್ದ, ಹಲ್ಲಿನ ಗುರುತು ಮೂಡಿದ ಮುಚ್ಚಳವನ್ನು ನೋಡಿದರು. ಬರಿದಾದ ಚಪ್ಪಡಿಯನ್ನು ನೋಡಿದರು. ಮರಿಯನ್ನು ನೋಡಲು ಮಾತ್ರ ಕಷ್ಟಪಟ್ಟರು.

ಸೋಮಿ ಯಾರನ್ನೂ ಬೈಯಲಿಲ್ಲ. ಮರಿಯನ್ನು ಮೂತಿಯಿಂದ ಮುಂದಕ್ಕೆ ತಳ್ಳಿ ನಡೆದಳು. ಅಜ್ಜಿ ನೆಲದಿಂದ ಮುಚ್ಚಳ ಎತ್ತಿಕೊಂಡು, ಡಬ್ಬಿಗೆ ತೂರಿಸಿ, ಅವಳ ಜೊತೆ ಸೇರಿದಳು. ಹಿಂದೆ ಎಲ್ಲರೂ ಎದ್ದರು.

ನರಿಯಪ್ಪನನ್ನು ಯಾರೂ ಹೊಡೆಯಲಿಲ್ಲ. ಹೊಡೆಯಲು ಯಾರಲ್ಲೂ ತ್ರಾಣ ಇರಲಿಲ್ಲ. ಅವನು ಎಲ್ಲರ ಧೂಳು ಕುಡಿಯುತ್ತ ಕೊನೆಯಲ್ಲಿ ಬಂದ. ದಾರಿಯುದ್ದಕ್ಕೂ ಸೀನಿದ. ಒಬ್ಬರೂ ನಿಲ್ಲಲಿಲ್ಲ, ತಿರುಗಿಯೂ ನೋಡಲಿಲ್ಲ. ಅವನ ವೃತ್ತಿ ಆ ದಾರಿಯಲ್ಲೇ ಮುಗಿಯಿತು.

ಬಿಸಿಲು ಇಳಿಯುವ ಹೊತ್ತಿಗೆ ಅಜ್ಜಿ ಮೂಗೆತ್ತಿ ನಿಂತಳು. "ನೀರು," ಎಂದಳು.

ಮಡು ಕಂಡಿತು. ಮರಿ ಮುಂಗಾಲನ್ನು ನೀರಿಗಿಟ್ಟು, ಮೂತಿ ಅದ್ದಿ ಕುಡಿಯಿತು. ಮೂಗಿಗೆ ನೀರು ಹೋಗಿ ಒಂದು ಸಲ ಸೀನಿತು. ಸೋಮಿ ನಕ್ಕಳು. ಅವಳು ನಕ್ಕು ಎಷ್ಟೋ ದಿನವಾಗಿತ್ತು. ಹಂದಿಗಳು ಬಂದು, "ನಾವು ನಿನ್ನೆ ಸುಮ್ಮನಿದ್ದೆವು, ತಾಯಿ," ಎಂದವು. "ಕುಡಿಯಿರಿ," ಎಂದಳು ಸೋಮಿ.

ದಾರಿಯಲ್ಲಿ ಅಜ್ಜಿ ಮುಚ್ಚಳದ ಕಥೆಯನ್ನೆಲ್ಲ ಹೇಳಿದ್ದಳು. ಹೊಟ್ಟೆ ತಂಪಾದ ಮೇಲೆ ಎಲ್ಲರಿಗೂ ಕೆಂಚವ್ವನ ಉಪಕಾರ ನೆನಪಾಯಿತು. ದಡದಲ್ಲಿ ಅವಳನ್ನು ಸುತ್ತುವರಿದರು.

"ನಿನ್ನಿಂದ ಉಳಿದೆವು!" ಎಂದಿತು ಒಂದು ಮೊಲ.

"ಇನ್ನು ಮೇಲೆ ಬೆಳಿಗ್ಗೆ ಎದ್ದು ಮೊದಲು ನಿನ್ನ ಮುಖವನ್ನೇ ನೋಡುತ್ತೇವೆ," ಎಂದಿತು ಹಂದಿ. "ಮುಳ್ಳುಹಂದಿ ಎದುರಾದರೆ ಹೋದ ಕೆಲಸ ಆಗುತ್ತದೆ. ಇದು ಹೊಸ ಶಕುನ!"

"ನಿನ್ನ ಒಂದೊಂದು ಮುಳ್ಳು ಕೊಟ್ಟರೆ ಕುತ್ತಿಗೆಗೆ ಕಟ್ಟಿಕೊಳ್ಳುತ್ತೇವೆ," ಎಂದವು ಮಂಗಗಳು.

ಕೆಂಚವ್ವ ಎಲ್ಲರ ಮುಖವನ್ನೂ ನೋಡಿದಳು. ಇವರಿಗೆ ಏನು ಹೇಳಿ ಏನು ಪ್ರಯೋಜನ ಎನ್ನಿಸಿರಬೇಕು. ಆದರೆ ಅವರ ಕಣ್ಣಲ್ಲಿದ್ದ ಕೃತಜ್ಞತೆ ನಿಜವಾದದ್ದೇ. ಅದನ್ನು ಎಲ್ಲಿಡಬೇಕೆಂದು ಮಾತ್ರ ಅವರಿಗೆ ತಿಳಿದಿರಲಿಲ್ಲ.

ತಿಳಿದವಳು ಸೋಮಿ ಒಬ್ಬಳೇ. ಅವಳು ಗುಂಪಿನ ನಡುವೆ ನುಗ್ಗಿ, "ಸ್ವಲ್ಪ ಜರುಗಿ," ಎಂದಳು. "ನೀವೆಲ್ಲ ದಡಕ್ಕೆ ಅಡ್ಡ ನಿಂತಿದ್ದೀರಿ. ಅವಳು ಇನ್ನೂ ಒಂದು ಗುಟುಕೂ ಕುಡಿದಿಲ್ಲ."

ಎಲ್ಲರೂ ನಾಚಿ ದಾರಿ ಬಿಟ್ಟರು. ದ್ಯಾಮಜ್ಜಿ ತನ್ನ ಭಾರದ ಕಾಲಿನಿಂದ ಕೆಸರನ್ನು ತುಳಿದು ಗಟ್ಟಿ ಮಾಡಿಕೊಟ್ಟಳು. ಕೆಂಚವ್ವ ಗೊಣಗುತ್ತ ಇಳಿದು ಬಾಗಿದಳು. ಅವಳು ಕುಡಿದು ಮುಗಿಸುವ ತನಕ ಯಾರೂ ನೀರನ್ನು ಕಲಕಲಿಲ್ಲ.

ನೀತಿ: ತೊಂದರೆ ಬಂದಾಗ ಯಾರ ಮೇಲೆ ಹೊರಿಸೋಣ ಎನ್ನದೆ ಅದರ ಕಾರಣವನ್ನು ಹುಡುಕಿ ಸರಿಪಡಿಸಬೇಕು. ಸರಿಪಡಿಸಿದವರನ್ನು ಪೂಜಿಸಬೇಕಾಗಿಲ್ಲ, ಅವರಿಗೆ ಬೇಕಾದ್ದನ್ನು ಕೊಟ್ಟರೆ ಸಾಕು.