ಊದುಬತ್ತಿ ವರ್ತಕನ ಕಸದ ಯಂತ್ರ

"ಬುದ್ಧಿ, ಅಣ್ಣನ ಮೇಲಿನ ದ್ವೇಷ ಹೋಗಬೇಕಾದರೆ ಯಾವ ಮಂತ್ರ ಜಪಿಸಬೇಕು?" ಎಂದು ಶಂಭುಲಿಂಗನೆಂಬ ಶಿಷ್ಯ ಗುರುವನ್ನು ಕೇಳಿದ. ಅಣ್ಣ ಕಾಯಿಲೆ ಬಿದ್ದು ಹಾಸಿಗೆ ಹಿಡಿದಿದ್ದ. ಮನಸ್ಸು ಪೂರ್ತಿ ತಿಳಿಯಾದ ಮೇಲೆ ಹೋಗಿ ನೋಡಬೇಕೆಂಬುದು ಶಿಷ್ಯನ ಎಣಿಕೆ. ಅದುವರೆಗೆ ಕೊಟ್ಟ ಮಂತ್ರಗಳೆಲ್ಲ ಮುಗಿದಿದ್ದವು, ದ್ವೇಷ ಮುಗಿದಿರಲಿಲ್ಲ.

ಗುರು ಗಡ್ಡ ನೀವಿಕೊಂಡರು. "ಮಂತ್ರಕ್ಕೇನು ಬರ ಮರಿ? ನನ್ನ ಹತ್ತಿರ ಇರುವಷ್ಟು ದೇವಲೋಕದ ಉಗ್ರಾಣದಲ್ಲೂ ಇಲ್ಲ. ಅಲ್ಲಿ ಖಾಲಿಯಾದರೆ ದೇವತೆಗಳು ನನ್ನಲ್ಲಿಗೇ ಚೀಲ ಹಿಡಿದು ಬರುತ್ತಾರೆ. ಅದಿರಲಿ, ಮೊದಲು ಕತೆ ಕೇಳು" ಎಂದರು.

ಒಬ್ಬ ಊದುಬತ್ತಿ ವರ್ತಕನಿದ್ದ. ಅವನ ಹೆಂಡತಿಗೆ ಉಬ್ಬಸ. ಪೊರಕೆಯ ದೂಳು ಅವಳಿಗೆ ಆಗುತ್ತಿರಲಿಲ್ಲ. ಅವನಿಗೋ ಅವಳೆಂದರೆ ಪ್ರಾಣ. ಒಂದು ವ್ಯಾಕ್ಯೂಮ್ ಕ್ಲೀನರ್ ತಂದ. ದಿನವೂ ಸಂಜೆ ಅಂಗಡಿಯಿಂದ ಬಂದು ತಾನೇ ಮನೆಯ ಕಸ ತೆಗೆಯುತ್ತಿದ್ದ. ದೂಳು, ಕೂದಲು, ಅನ್ನದ ಅಗುಳು, ದೇವರ ಮುಂದಿನ ಒದ್ದೆ ಹೂವು, ಎಲ್ಲವನ್ನೂ ಯಂತ್ರ ನುಂಗಿತು. ಎಂಥ ಯಂತ್ರ ಅಂತೀಯ? ಮೈಮರೆತು ಕುಳಿತರೆ ನೆಂಟರ ಪಂಚೆಯನ್ನೂ ಎಳೆದುಕೊಳ್ಳುತ್ತಿತ್ತು.

ಬರಬರುತ್ತ ಯಂತ್ರ ನಾರತೊಡಗಿತು. ಗುಂಡಿ ಒತ್ತಿದರೆ ಸಾಕು, ಕೊಳೆತ ಗಾಳಿ ಮನೆ ತುಂಬುತ್ತಿತ್ತು. ಗೋಡೆಯ ಹಲ್ಲಿಗಳು ಸಂಸಾರ ಸಮೇತ ಪಕ್ಕದ ಮನೆಗೆ ಹೋದವು. ಪಟದೊಳಗಿನ ದೇವರು ಕೈಯ ಚಕ್ರ ಬದಿಗಿಟ್ಟು ಮೂಗು ಹಿಡಿದುಕೊಂಡ. ಬೇರೆ ಯಾರೂ ನೋಡಿಲ್ಲ, ನಾನು ನೋಡಿದ್ದೇನೆ.

ಹೆಂಡತಿ ಹೇಳುತ್ತಿದ್ದದ್ದು ಒಂದೇ. ಯಂತ್ರದ ಚೀಲ ಬಿಚ್ಚಿ ಕಸ ಚೆಲ್ಲಿ, ಫಿಲ್ಟರ್ ತೊಳೆದು ಬಿಸಿಲಿಗಿಡಿ. ವರ್ತಕ ಬೇಡವೆನ್ನಲಿಲ್ಲ. ಆದರೆ ಸಂಜೆ ದೀಪ ಹಚ್ಚಿದ ಮೇಲೆ ಕಸ ಹೊರಗೆ ಹಾಕಿದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ. ಬೆಳಗ್ಗೆ ಸ್ನಾನವಾದ ಮೇಲೆ ಕಸ ಮುಟ್ಟಿದರೆ ಮೈಲಿಗೆ. ಸ್ನಾನಕ್ಕೆ ಮೊದಲು ಅವನಿಗೆ ನೆನಪೇ ಆಗುತ್ತಿರಲಿಲ್ಲ. ಅವಳೇ ಬಿಚ್ಚಲು ಹೋದರೆ, ದೂಳು ನಿನಗಾಗದು ಎಂದು ಪ್ರೀತಿಯಿಂದ ತಡೆಯುತ್ತಿದ್ದ.

ಬದಲಿಗೆ ತನಗೆ ಗೊತ್ತಿದ್ದ ವಿದ್ಯೆ ತೋರಿಸಿದ. ಚೀಲದ ಮೇಲೆ ಅತ್ತರು ಚಿಮುಕಿಸಿದ. ಕೊಳವೆಯೊಳಗೆ ಕರ್ಪೂರ ತುರುಕಿದ. ಯಂತ್ರದ ಸುತ್ತ ಊದುಬತ್ತಿ ಹಚ್ಚಿಟ್ಟ. ಪಕ್ಕದ ಮನೆಯ ಮುದುಕಿ ಕಿಟಕಿಯಿಂದ ಕೇಳಿದಳು: "ಏನ್ ಸಾಹುಕಾರ್ರೇ, ನಿಮ್ಮನೇಲಿ ಮದುವೆಯೋ ಸಾವೋ? ಹೊಸ ಸೀರೆ ಉಟ್ಕೊಂಡು ಬರಲೋ, ತಲೆ ಮೇಲೆ ನೀರು ಹುಯ್ಕೊಳ್ಳಲೋ?"

ಹೊಗೆಯೂ ನಾತವೂ ಸೇರಿ ಹೆಂಡತಿಯ ಉಸಿರು ಕಟ್ಟುತ್ತ ಬಂತು. ಒಂದು ಸಂಜೆ ಮಾತಿಗೆ ಉಸಿರು ಸಾಲದೆ ಅವಳು ಚೀಲದ ಕಡೆ ಬೆರಳು ಮಾತ್ರ ತೋರಿಸಿದಳು.

"ನಾಳೆ ಖಂಡಿತ" ಎಂದ ವರ್ತಕ. "ಇವತ್ತು ಶುಕ್ರವಾರ ಬೇರೆ."

ಮಾರನೆಯ ಬೆಳಗ್ಗೆ ಅವಳ ತಂಗಿ ಬಂದು ಅವಳನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ವರ್ತಕ ಅಂದು ಅಂಗಡಿ ತೆರೆಯಲಿಲ್ಲ. ಸ್ನಾನವಾಗಿದೆಯೋ ಇಲ್ಲವೋ ಎಂದು ನೋಡದೆ ಚೀಲ ಬಿಚ್ಚಿದ. ಹೂವು ಕೆಸರಾಗಿತ್ತು. ಎಲ್ಲವನ್ನೂ ಹೊರಗೆ ಚೆಲ್ಲಿದ. ಬುರುಸಿಗೆ ಸುತ್ತಿಕೊಂಡಿದ್ದ ಅವಳ ಉದ್ದ ಕೂದಲನ್ನು ಕತ್ತರಿಸಿ ತೆಗೆದ. ಕೊಳವೆ ಒರೆಸಿದ. ಫಿಲ್ಟರ್ ತೊಳೆದು, ತೇವ ಸ್ವಲ್ಪವೂ ಉಳಿಯದಂತೆ ಬಿಸಿಲಿನಲ್ಲಿ ಒಣಗಿಸಿ ಮತ್ತೆ ಯಂತ್ರಕ್ಕೆ ಹಾಕಿದ. ಗುಂಡಿ ಒತ್ತಿ ಮುಖವೊಡ್ಡಿ ನೋಡಿದ. ಬರೀ ಗಾಳಿ. ಇಷ್ಟೇ ಕೆಲಸವೇ ಎಂದು ಅವನಿಗೆ ನಗು ಬಂತು. ಅವಳನ್ನು ಕರೆತರಲು ಓಡಿದ.

ನಾದಿನಿಯ ಮನೆಯ ಬಾಗಿಲಲ್ಲಿ ಚಪ್ಪಲಿಗಳು ರಾಶಿ ಬಿದ್ದಿದ್ದವು. ಒಳಗೆ ಅವಳನ್ನು ಚಾಪೆಯ ಮೇಲೆ ಮಲಗಿಸಿದ್ದರು. ತಲೆದೆಸೆಯಲ್ಲಿ ಹಚ್ಚಿದ್ದ ಊದುಬತ್ತಿ ಅವನ ಅಂಗಡಿಯದೇ.

ಗುರು ಕತೆ ನಿಲ್ಲಿಸಿದರು. ಶಿಷ್ಯ, "ನನ್ನ ಮನಸ್ಸು ಇನ್ನೂ ತಿಳಿಯಾಗಿಲ್ಲ ಬುದ್ಧಿ. ಇದನ್ನಿಟ್ಟುಕೊಂಡು ಅಣ್ಣನ ಮುಂದೆ ಹೇಗೆ ನಿಲ್ಲಲಿ? ಇನ್ನೊಂದು ಮಂತ್ರ ಕೊಡಿ, ನಾಳೆಯೊಳಗೆ ಮುಗಿಸುತ್ತೇನೆ" ಎಂದ.

ಗುರು ಹೇಳಿದರು: "ಮೂರು ಲೋಕದ ಸಮಾಚಾರ ಬಲ್ಲ ನನಗೂ, ನಿನ್ನ ಅಣ್ಣ ನಾಳೆ ಇರುತ್ತಾನೋ ಇಲ್ಲವೋ ಗೊತ್ತಿಲ್ಲ."