ಮೂರು ಕಂಡರೆ ನಾಲ್ಕು ಎಂದ ಅಂಬಿಗ

ಈ ಹೊಳೆಯ ಮೇಲೆ ಸೇತುವೆಯ ನೆರಳು ಇನ್ನೂ ಬೀಳದಿದ್ದ ಕಾಲ. ದಂಡೆಯ ಒಂದೂರಿನಲ್ಲಿ ಜಟ್ಟೆಪ್ಪ ಎಂಬ ಅಂಬಿಗನಿದ್ದನಂತೆ. ಅವನ ಕೈ ಮೊಣಕಾಲನ್ನು ಮುಟ್ಟುತ್ತಿತ್ತು ಎನ್ನುತ್ತಾರೆ. ಹೊಳೆಯ ತಳದ ಒಂದೊಂದು ಕಲ್ಲನ್ನೂ ಹೆಸರಿಟ್ಟು ಕರೆಯುತ್ತಿದ್ದ ಎಂದೂ ಎನ್ನುತ್ತಾರೆ. ಅಷ್ಟು ಕಲ್ಲಿಗೆ ಹೆಸರು ಹುಡುಕಲು ಒಂದು ಜನ್ಮ ಸಾಲದು. ಆದರೆ ಅವನ ಹರಿಗೋಲು ಹತ್ತಿದವರಲ್ಲಿ ಒಬ್ಬಳನ್ನು ಬಿಟ್ಟು ಯಾರೂ ಮುಳುಗಲಿಲ್ಲ ಎಂಬುದನ್ನು ಆಚೆ ದಂಡೆಯವರೂ ಒಪ್ಪುತ್ತಾರೆ.

ಆ ಒಬ್ಬಳು ಅವನ ಹೆಂಡತಿ. ಮದುವೆಯಾದ ವರ್ಷದ ಚಳಿಗಾಲ, ನೀರು ತಿಳಿಯಾಗಿತ್ತಂತೆ. ದಂಡೆ ಇನ್ನೂ ನಾಲ್ಕು ಮಾರು ಇರುವಾಗಲೇ ತಳದ ಮರಳು ಕಂಡು, ಸೊಂಟಮಟ್ಟ ನೀರೆಂದು ಬಗೆದು, ಇಳಿ ಎಂದನಂತೆ ಜಟ್ಟೆಪ್ಪ. ಅವನ ಮಾತು ನಂಬಿ ಇಳಿದಳು. ಕಾಲು ತಳವನ್ನು ಹುಡುಕುತ್ತಿರುವಾಗಲೇ ಸೆಳೆತ ಅವಳನ್ನು ಒಯ್ದಿತು. ಕೆನ್ನೀರಿನ ಮಹಾಪೂರದಲ್ಲೂ ಒಬ್ಬರನ್ನು ಕಳೆದುಕೊಳ್ಳದವನು, ಕನ್ನಡಿಯಂಥ ನೀರಿನಲ್ಲಿ ಅವಳನ್ನು ಕಳೆದುಕೊಂಡ.

ಅಂದಿನಿಂದ ಅವನು ದಂಡೆಯಲ್ಲಿ ಕೂತು ನೀರನ್ನೇ ಪರೀಕ್ಷಿಸತೊಡಗಿದನಂತೆ. ಹರಿಗೋಲು ನೂಕುವ ಬಿದಿರ ಗಳಕ್ಕೆ ಮೊಳಕ್ಕೊಂದು ಗೀರು ಹಾಕಿದ. ಬಾಗಿ ನೋಡಿ ಮೂರು ಮೊಳ ಎಂದುಕೊಂಡು ಗಳ ಇಳಿಸಿದರೆ, ನಾಲ್ಕು ಗೀರು ನೆನೆಯುತ್ತಿದ್ದವು. ದೂರದಿಂದ ಓರೆಯಾಗಿ ನೋಡಿದರೆ ತಳ ಇನ್ನೂ ಮೇಲೆದ್ದು ಬಂದಂತೆ ಕಾಣುತ್ತಿತ್ತು. ಹೆಂಡತಿ ಹೋದ ಮೇಲೆ ಜಟ್ಟೆಪ್ಪನಿಗೆ ಬುದ್ಧಿ ಕೆಟ್ಟಿದೆ ಎಂದು ಊರು ಆಡಿಕೊಂಡಿತು.

ಹೀಗಿರಲು ಒಂದು ಬೆಳಿಗ್ಗೆ ಸೂಲಗಿತ್ತಿ ಮಾಳವ್ವ ಓಡುತ್ತ ಬಂದಳಂತೆ. ಆಚೆ ದಂಡೆಯಲ್ಲಿ ಅವಳ ಮಗಳು ಎರಡು ದಿನದಿಂದ ಬೇನೆ ತಿನ್ನುತ್ತಿದ್ದಳು. ಹರಿಗೋಲೋ, ಹರಿದ ಚರ್ಮವನ್ನು ಬಿಚ್ಚಿಸಿಕೊಂಡು ಬರಿಯ ಬುಟ್ಟಿಯಾಗಿ ಬಿದ್ದಿತ್ತು. ಮಾಳವ್ವ ಸೀರೆ ಎತ್ತಿ ಕಟ್ಟಿದಳು. ಜಟ್ಟೆಪ್ಪ ಗಳವನ್ನು ಅಡ್ಡ ಹಿಡಿದ.

"ತಳದಾಗಿನ ಚಿಪ್ಪು ಎಣಿಸಬಹುದು, ಯಣ್ಣಾ. ಸೊಂಟಮಟ ನೀರೈತಿ, ಬಿಡು."

"ಒಬ್ಬಾಕಿಗೆ ನಾನೂ ಹಂಗ ಹೇಳಿದ್ನೆವ್ವಾ."

"ನಿನ್ನ ಹರಿಗೋಲು ಬಿಟ್ಟು ಹೊಳಿ ದಾಟಿದ್ರ ನಿನ್ನ ಕಿಮ್ಮತ್ತು ಹೊಕ್ಕೈತೇನು?"

ಜಟ್ಟೆಪ್ಪ ಅವಳು ಕಾಲಿಡಲಿದ್ದ ಕಡೆಗೇ ಗಳ ಇಳಿಸಿದನಂತೆ. ಹೊರತೆಗೆದು ಅವಳ ಪಕ್ಕ ನಿಲ್ಲಿಸಿದ. ನೆನೆದ ಗುರುತು ಅವಳ ನೆತ್ತಿಗಿಂತ ಮೇಲಿತ್ತು. ಮಾಳವ್ವ ಮರಳಿನ ಮೇಲೆ ಕುಸಿದು, ಕೂಸು ಅಡ್ಡ ಬಂದೈತಂತ, ಎಂದಷ್ಟೇ ಅಂದಳಂತೆ.

ಆಗ ಜಟ್ಟೆಪ್ಪ ತನ್ನ ರುಮಾಲಿನ ಒಂದು ತುದಿಯನ್ನು ಅವಳ ಸೊಂಟಕ್ಕೂ ಇನ್ನೊಂದನ್ನು ತನ್ನ ಸೊಂಟಕ್ಕೂ ಬಿಗಿದ. ಅವಳ ಹೆಗಲಿನವರೆಗೆ ಮೂರು ಮೊಳ ಎಂದು ಅಳೆದುಕೊಂಡ. ಮೂರು ಕಂಡರೆ ನಾಲ್ಕು, ಅತ್ತ ಬೇಡ. ಎರಡು ಕಂಡರೆ ಮೂರರ ಹತ್ತಿರ, ಬಾ. ಹೀಗೆ ಹೆಜ್ಜೆಹೆಜ್ಜೆಗೂ ಬಾಗಿ ನೋಡುತ್ತ, ಗಳ ಊರುತ್ತ, ಹಾವಿನಂತೆ ಸುತ್ತಿ ನಡೆಸಿದನಂತೆ. ನಡುಹೊಳೆಯಲ್ಲಿ ಹೆಗಲಮಟ್ಟದ ನೀರು ಸೆಳೆತಕ್ಕೆ ಎದ್ದು ಅವಳ ಗದ್ದಕ್ಕೆ ಬಡಿಯಿತು. ಲೆಕ್ಕ ತಪ್ಪಿತೇ ಎಂದು ಜಟ್ಟೆಪ್ಪ ಊರಿದ ಗಳವನ್ನು ಕೀಳದೆ ನಿಂತೇಬಿಟ್ಟ. ಮಾಳವ್ವನೇ ಹಿಂದಿನಿಂದ ದೂಡಿದಳಂತೆ: "ನೀ ಹೇಳಿದಷ್ಟ ಐತಿ. ನಡಿ, ಯಣ್ಣಾ."

ಹೊತ್ತು ನೆತ್ತಿಗೇರುವ ಮೊದಲು ಕೂಸು ಅತ್ತಿತು. ಹೊಳೆ ಇಬ್ಭಾಗವಾಗಿ ದಾರಿ ಬಿಟ್ಟಿತು ಎನ್ನುವವರಿದ್ದಾರೆ. ಆದರೆ ಆಚೆ ದಂಡೆಗೆ ಹತ್ತಿದೊಡನೆ ಮಾಳವ್ವ ಒಣ ಸೀರೆ ಕೇಳಿದಳೆಂಬುದೂ ಅವರದೇ ಕತೆಯಲ್ಲಿದೆ.

ನೀರಿನಿಂದ ಗಾಳಿಗೆ ದಾಟುವಾಗ ಬೆಳಕು ಬಾಗುತ್ತದೆ, ಅದಕ್ಕೇ ತಳ ಇರುವುದಕ್ಕಿಂತ ಮೇಲೆ ಕಾಣುತ್ತದೆ. ಶಾಲೆಯ ಪುಸ್ತಕಗಳು ಇದಕ್ಕೆ ವಕ್ರೀಭವನ ಎನ್ನುತ್ತವೆ. ನಮ್ಮ ಮೂಗಿನ ಮೇಲಿನ ಕನ್ನಡಕ, ದೂರದ ನಕ್ಷತ್ರವನ್ನು ತೋರಿಸುವ ದುರ್ಬೀನು, ಎಲ್ಲವೂ ಆ ಬಾಗುವಿಕೆಯನ್ನೇ ನಂಬಿವೆ. ಜಟ್ಟೆಪ್ಪನಿಗೆ ಆ ಹೆಸರು ತಿಳಿದಿರಲಿಲ್ಲ, ಅದರ ಬೆಲೆ ತಿಳಿದಿತ್ತು.

ಈಗ ಸೇತುವೆಯಿದೆ, ಹೊಳೆಗೆ ಇಳಿದು ದಾಟುವವರಿಲ್ಲ. ಆದರೂ ಆ ಊರಿನ ಬಾಣಂತಿ ಗಂಗೆಪೂಜೆಗೆಂದು ಮೊದಲ ಸಲ ಹೊಳೆಗೆ ಬಂದಾಗ, ಹಿರಿಯ ಹೆಂಗಸರು ತಿಳಿನೀರಿನ ತಳದಲ್ಲಿ ಒಂದು ಅರಿಸಿನದ ಕೊಂಬು ಇಟ್ಟು, ರವಿಕೆಯ ತೋಳು ನೆನೆಯದಂತೆ ಅದನ್ನು ಹೊರತೆಗೆ ಎನ್ನುತ್ತಾರೆ. ಅವಳು ಕತೆ ಕೇಳಿಯೇ ಬೆಳೆದವಳು. ತೋಳನ್ನು ಇನ್ನೊಂದು ಮಡಿಕೆ ಮೇಲೇರಿಸಿಕೊಂಡೇ ಕೈ ಹಾಕುತ್ತಾಳೆ. ಆದರೂ ತೋಳು ನೆನೆಯುತ್ತದೆ. ಹೆಂಗಸರು ನಗುತ್ತಾರೆ, ನಕ್ಕು, ಕೂಸನ್ನು ನೀರಿನಿಂದ ಒಂದು ಹೆಜ್ಜೆ ಹಿಂದಕ್ಕೆ ಒಯ್ಯುತ್ತಾರೆ.