ಬಾಗಿಲಿಲ್ಲದ ಪೆನ್‌ಡ್ರೈವ್

ಕೆಟ್ಟು ಮಲಗಿದ್ದ ಲ್ಯಾಪ್‌ಟಾಪೊಂದನ್ನು ಎಬ್ಬಿಸಲೆಂದು ಒಂದೇ ಪೆನ್‌ಡ್ರೈವಿನಲ್ಲಿ ಮೂರು ಕಾರ್ಯಾಚರಣಾ ವ್ಯವಸ್ಥೆಗಳನ್ನು, ಅಂದರೆ ಆಪರೇಟಿಂಗ್ ಸಿಸ್ಟಂಗಳನ್ನು, ತುಂಬಲಾಗಿತ್ತು. ಆ ಯಂತ್ರ ಬಂದು ಕೇಳಿದಾಗ ಬಾಗಿಲು ತೆರೆದು ಅವುಗಳ ಹೆಸರು ಕೂಗಲು ಒಬ್ಬ ಪುಟ್ಟ ದ್ವಾರಪಾಲಕನಿದ್ದ.

"ಮೊದಲು ನನ್ನ ಹೆಸರನ್ನೇ ಕೂಗತಕ್ಕದ್ದು. ನಾನು ಹಿರಿಯ," ಎಂದಿತು ಹಳೆಯ ವ್ಯವಸ್ಥೆ.

"ಹಿರಿಯರು ಏಳುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಮೊದಲು ನಾನು," ಎಂದಿತು ಹೊಸದು.

"ನಾನು ಪುಕ್ಕಟೆ ಬಂದವನು, ನಿಜ. ಮರ್ಯಾದೆಯನ್ನು ಪುಕ್ಕಟೆ ಬಿಟ್ಟುಕೊಡಲಾರೆ," ಎಂದಿತು ಮೂರನೆಯದು.

ದ್ವಾರಪಾಲಕ ಕೈಮುಗಿದ. "ಮಹನೀಯರೇ, ಯಾರಾದರೊಬ್ಬರು ಮೊದಲಿರಲೇಬೇಕಲ್ಲ? ಬೇಗ ತೀರ್ಮಾನಿಸಿ. ಯಂತ್ರ ಏಳದಿದ್ದರೆ ನಮ್ಮೆಲ್ಲರನ್ನೂ ಅಳಿಸಿ, ಈ ಪೆನ್‌ಡ್ರೈವಿಗೆ ಮದುವೆಯ ವಿಡಿಯೊ ತುಂಬುತ್ತಾರಂತೆ."

"ಮೊದಲು, ಕಡೆ ಎಂಬ ಭೇದ ಹುಟ್ಟಿದ್ದೇ ಇವನಿಂದ!" ಎಂದು ಮೂರೂ ಒಮ್ಮತಕ್ಕೆ ಬಂದವು. ಅವು ಒಮ್ಮತಕ್ಕೆ ಬಂದದ್ದು ಅದೊಂದೇ ಸಲ. ದ್ವಾರಪಾಲಕನನ್ನು ಹೊರದಬ್ಬಿದವು.

ಅಷ್ಟರಲ್ಲಿ ಯಂತ್ರ ಬಾಗಿಲು ತಟ್ಟಿತು. ತೆರೆಯುವವರಿರಲಿಲ್ಲ. ಒಳಗೆ ಮೂರೂ ಗಂಟಲು ಸರಿಪಡಿಸಿಕೊಂಡು, ತಂತಮ್ಮ ಹೆಸರಿಗಾಗಿ ಗಂಭೀರವಾಗಿ ಕಾದು ಕುಳಿತಿದ್ದವು. ಯಂತ್ರ ಕ್ಷಣಕಾಲ ಕಾದು ಪರದೆಯ ಮೇಲೆ ಬರೆಯಿತು: "ಇಲ್ಲಿ ಯಾವ ವ್ಯವಸ್ಥೆಯೂ ಇಲ್ಲ."

ಸಂಜೆಯ ಹೊತ್ತಿಗೆ ಪೆನ್‌ಡ್ರೈವಿನೊಳಗೆ ಓಲಗ ಮೊಳಗುತ್ತಿತ್ತು.